ಅಕ್ಕನಿಗೆ ಸ್ಕ್ಲೆರೋಡರ್ಮಾ, ಡಾಕ್ಟರು ಟ್ರಯಲ್‌ಗೆ ಸೇರ್ತೀರಾ ಅಂತ ಕೇಳಿದ್ದಾರೆ

ಕಾಫಿನಾಡಿನ ತಮ್ಮ — ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಮ್ಮದು ಚಿಕ್ಕಮಗಳೂರು. ಅಕ್ಕನಿಗೆ 41 ವರ್ಷ. ಮನೆಯಲ್ಲೇ ಹೂ ಕಟ್ಟಿ ಮಾರುತ್ತಾಳೆ. ಬೆಳಗಿನ ಜಾವ ಎದ್ದು, ಹೂವಿಗೆ ನೀರು ಚಿಮುಕಿಸಿ, ಬಾಳೆನಾರು ಹಿಡಿದು ಕೂತರೆ ಎಂಟು ಗಂಟೆಯೊಳಗೆ ಹದಿನೈದು ಮಾರು ಮುಗಿಸುತ್ತಿದ್ದಳು. ಚಳಿಗಾಲದಲ್ಲಿ ಅವಳ ಬೆರಳು ಸುಣ್ಣದ ಹಾಗೆ ಬೆಳ್ಳಗಾಗುತ್ತಿತ್ತು. ಆಮೇಲೆ ನೀಲಿ. ಒಲೆ ಮುಂದೆ ಕಾಯಿಸಿಕೊಂಡರೆ ಕೆಂಪು. ನಮ್ಮೂರ ಚಳಿಯೇ ಹಾಗೆ ಅಂದುಕೊಂಡು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೂರು ವರ್ಷದಿಂದ ಕೈಯ ಚರ್ಮ ಬಿಗಿದು ಹೊಳೆಯುತ್ತಿದೆ. ಮುಷ್ಟಿ ಕಟ್ಟಲು ಆಗುವುದಿಲ್ಲ. ಬಾಯಿ ಪೂರ್ತಿ ತೆರೆಯಲು ಆಗದೆ ಮುದ್ದೆಯನ್ನು ಚಿಕ್ಕ ಚಿಕ್ಕ ತುತ್ತು ಮಾಡಿಕೊಂಡು ತಿನ್ನುತ್ತಾಳೆ. ಈಚೆಗೆ ಮೆಟ್ಟಿಲು ಹತ್ತಿದರೆ ಒಣಕೆಮ್ಮು, ಏದುಸಿರು.

ಬೆಂಗಳೂರಿನಲ್ಲಿ ತೋರಿಸಿದೆವು. ಸಿಸ್ಟಮಿಕ್ ಸ್ಕ್ಲೆರೋಸಿಸ್, ಅಂದರೆ ಚರ್ಮದ ಜೊತೆ ಒಳಗಿನ ಅಂಗಗಳಿಗೂ ತಾಗುವ ಸ್ಕ್ಲೆರೋಡರ್ಮಾ, ಶ್ವಾಸಕೋಶಕ್ಕೂ ತಾಗಿದೆ ಎಂದರು. ಅಲ್ಲೇ ಹೊಸ ಔಷಧಿಯ ಟ್ರಯಲ್ ನಡೆಯುತ್ತಿದೆಯಂತೆ. 52 ವಾರ. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಪ್ಲಾಸಿಬೋ, ಅಂದರೆ ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. 19 ಪುಟದ ಕಾಗದ ಕೊಟ್ಟು, ಓದಿಕೊಂಡು ಬನ್ನಿ ಅಂದಿದ್ದಾರೆ.

ಭಾವ ಬೇಡವೇ ಬೇಡ ಅನ್ನುತ್ತಾರೆ. ನಮ್ಮನ್ನು ಪ್ರಯೋಗದ ಇಲಿ ಮಾಡುತ್ತಾರೆ ಅಂತ ಅವರ ಭಯ. ಅಮ್ಮ ದೇವರ ಮೇಲೆ ಭಾರ ಹಾಕಿ ಕೂತಿದ್ದಾರೆ. ನನಗೆ ಮಾತ್ರ ನಿದ್ದೆ ಇಲ್ಲ. ಪ್ಲಾಸಿಬೋ ಬಂದುಬಿಟ್ಟರೆ ಒಂದು ವರ್ಷ ಔಷಧಿ ಇಲ್ಲದೆ ಕಳೆದ ಹಾಗೆ ಅಲ್ವಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಶರಾವತಿ — ಭಾನುವಾರ ರಾತ್ರಿ 10:15

ತಮ್ಮಾ, ನನಗೂ ಇದೇ ಕಾಯಿಲೆ. ಒಂಬತ್ತು ವರ್ಷವಾಯಿತು. ಸಾಗರದ ಕಡೆಯವಳು. ಮೊದಲು ಒಂದು ಮಾತು: ನಿಮ್ಮ ಅಕ್ಕ ಬದುಕಿಗೆ ಹೊಂದಿಕೊಳ್ಳುತ್ತಾಳೆ. ನಾನು ಈಗಲೂ ಅಡಿಗೆ ಮಾಡುತ್ತೇನೆ, ಮದುವೆ ಮನೆಗೆ ಹೋಗುತ್ತೇನೆ, ಇದನ್ನು ನನ್ನ ಕೈಯಲ್ಲೇ ಟೈಪ್ ಮಾಡುತ್ತಿದ್ದೇನೆ. ಉಸಿರಿನ ತೊಂದರೆ ಇದೆ ಅಂತ ಬರೆದಿದ್ದೀರಿ. ಟ್ರಯಲ್‌ಗೆ ಸೇರಲಿ ಬಿಡಲಿ, ಅದರ ಚಿಕಿತ್ಸೆಯನ್ನು ಮಾತ್ರ ಮುಂದೂಡಬೇಡಿ.

ಹಸಿರುಸಿರಿ — ಭಾನುವಾರ ರಾತ್ರಿ 10:32

ಕಂಪನಿಯವರ ಟ್ರಯಲ್ ಯಾಕೆ ಬೇಕು? ನಮ್ಮ ಪಕ್ಕದ ಊರಿನಲ್ಲಿ ಒಬ್ಬರು ಚರ್ಮ ಬಿಗಿಯುವುದಕ್ಕೆ ಪುಡಿ ಕೊಡುತ್ತಾರೆ. ಹತ್ತು ದಿನಕ್ಕೇ ನೋವು ಇಳಿಯಿತು ಅಂದವರನ್ನು ನಾನೇ ನೋಡಿದ್ದೇನೆ. ಒಮ್ಮೆ ನೋಡಿ.

ಶರಾವತಿ — ಭಾನುವಾರ ರಾತ್ರಿ 10:50

ಒಳ್ಳೆಯ ಮನಸ್ಸಿನಿಂದ ಹೇಳುತ್ತಿದ್ದೀರಿ, ಗೊತ್ತು. ಆದರೆ ನಾನು ಅದೇ ದಾರಿಯಲ್ಲಿ ಪೆಟ್ಟು ತಿಂದವಳು. ಮೊದಲ ವರ್ಷ ಹೆಸರಿಲ್ಲದ ಪೊಟ್ಟಣದ ಪುಡಿ ತಿಂದೆ. ಹತ್ತು ದಿನಕ್ಕೆ ನೋವು ಮಾಯ. ಎರಡು ತಿಂಗಳಿಗೆ ಮುಖ ಊದಿ ಚಂದ್ರನ ಹಾಗಾಯಿತು, ಬಿಪಿ ಏರಿತು. ಡಾಕ್ಟರು ನೋಡಿದ ಕೂಡಲೇ ಇದರಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು ಅಂದರು. ಬೇರೆ ಕಾಯಿಲೆಯವರಿಗಿಂತ ನಮ್ಮಂಥವರಿಗೆ ಇದು ಜಾಸ್ತಿ ಅಪಾಯ. ಯಾಕೆ ಅನ್ನುವುದನ್ನು ಕೀಲುವೈದ್ಯರು ಬಂದರೆ ಚೆನ್ನಾಗಿ ಬಿಡಿಸಿ ಹೇಳುತ್ತಾರೆ.

ಕೀಲುವೈದ್ಯ — ಸೋಮವಾರ ಬೆಳಗ್ಗೆ 6:20

ಶರಾವತಿಯವರು ಹೇಳಿದ್ದು ಸರಿ. ಮಂಗಳೂರಿನಲ್ಲಿ ರುಮಟಾಲಜಿ, ಅಂದರೆ ಕೀಲು ಮತ್ತು ಇಂಥ ಕಾಯಿಲೆಗಳನ್ನು ನೋಡುತ್ತೇನೆ. ಓಪಿಗೆ ಹೊರಡುವ ಮುಂಚೆ ಬರೆಯುತ್ತಿದ್ದೇನೆ.

ಸ್ಕ್ಲೆರೋಡರ್ಮಾದಲ್ಲಿ ಕೆಲವರಿಗೆ ಮೂತ್ರಪಿಂಡದ ಸಣ್ಣ ರಕ್ತನಾಳಗಳು ಇದ್ದಕ್ಕಿದ್ದ ಹಾಗೆ ಬಿಗಿದುಕೊಳ್ಳುತ್ತವೆ. ಬಿಪಿ ಒಮ್ಮೆಲೇ ಮೇಲೇರುತ್ತದೆ. ಕಾಯಿಲೆ ಶುರುವಾದ ಮೊದಲ ಕೆಲವು ವರ್ಷಗಳಲ್ಲಿ, ಅದೂ ಚರ್ಮ ಬೇಗ ಬೇಗ ಬಿಗಿಯುತ್ತಿರುವವರಲ್ಲಿ, ಇದು ಹೆಚ್ಚು. ದಿನಕ್ಕೆ 15 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಈ ಅಪಾಯ ಏರುತ್ತದೆ ಅಂತ ಹಳೆಯ ರೋಗಿಗಳ ದಾಖಲೆಗಳನ್ನು ಹೋಲಿಸಿ ಕಂಡುಕೊಂಡಿದ್ದಾರೆ. ಹೆಸರಿಲ್ಲದ ಪುಡಿಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಯಾರು ಹೇಳಬೇಕು?

ಈ ಕಿಡ್ನಿ ತೊಂದರೆಯ ಕಥೆ ನನಗೆ ಯಾವಾಗಲೂ ನೆನಪಾಗುತ್ತದೆ. ಮೊದಲೆಲ್ಲ ಇದು ಬಂದರೆ ಬದುಕುವುದೇ ಅಪರೂಪವಾಗಿತ್ತು. ಕ್ಯಾಪ್ಟೋಪ್ರಿಲ್ ಥರದ ಬಿಪಿ ಮಾತ್ರೆಗಳು ಬಂದವು. 1990ರಲ್ಲಿ ಅಮೆರಿಕದ ಡಾ. ವರ್ಜೀನಿಯಾ ಸ್ಟೀನ್ ಮತ್ತು ಜೊತೆಗಾರರು ತಮ್ಮ 108 ರೋಗಿಗಳ ಲೆಕ್ಕ ಪ್ರಕಟಿಸಿದರು. ಈ ಮಾತ್ರೆ ಸಿಕ್ಕವರಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 76. ಸಿಗದವರಲ್ಲಿ ನೂರಕ್ಕೆ 15. ವ್ಯತ್ಯಾಸ ಇಷ್ಟು ದೊಡ್ಡದಾಗಿದ್ದಾಗ ಪ್ಲಾಸಿಬೋ ಇಟ್ಟು ಟ್ರಯಲ್ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ, ಮಾಡಲೂ ಇಲ್ಲ. ಆದ್ದರಿಂದ ಮನೆಯಲ್ಲಿ ಬಿಪಿ ಮೆಷಿನ್ ಇಟ್ಟುಕೊಳ್ಳಿ. ಏರಿದ ದಿನವೇ ಫೋನ್ ಮಾಡಿ.

ಪ್ಲಾಸಿಬೋ ಬಗ್ಗೆ ರಾತ್ರಿ ಬರೆಯುತ್ತೇನೆ. ಅದಕ್ಕೆ ಸಮಯ ಬೇಕು.

ಧಾರವಾಡದವ — ಸೋಮವಾರ ಬೆಳಗ್ಗೆ 11:05

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿರಿ. ನನ್ನ ತಂಗಿಗೆ ಲೂಪಸ್, ಅದೂ ಮೈಯ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಒಂದು ಟ್ರಯಲ್‌ನಲ್ಲಿ ಇದ್ದಳು. ಒಂದು ವರ್ಷ ರಾಜೋಪಚಾರ. ಫೋನ್ ಮಾಡಿ ಕರೆಯುತ್ತಿದ್ದರು, ಬಸ್ ಚಾರ್ಜ್ ಕೊಡುತ್ತಿದ್ದರು, ರಕ್ತ ಪರೀಕ್ಷೆ ಎಲ್ಲ ಪುಕ್ಕಟೆ. ಔಷಧಿಯಿಂದ ಆಕೆಗೆ ಗುಣವೂ ಕಂಡಿತ್ತು. 52ನೇ ವಾರ ಮುಗಿಯಿತು, ಮುಗಿದೇ ಹೋಯಿತು. ಔಷಧಿ ನಿಂತಿತು. ಫೋನ್ ಎತ್ತುವವರಿಲ್ಲ. ಮೂರು ತಿಂಗಳಲ್ಲಿ ಮತ್ತೆ ಕೀಲು ಊತ, ಜ್ವರ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಆದರೆ ಒಳಗೆ ಹೋಗುವ ಮುಂಚೆ ಹೊರಗೆ ಬರುವ ಬಾಗಿಲು ಎಲ್ಲಿದೆ ಅಂತ ಕೇಳಿಕೊಳ್ಳಿರಿ.

ಟ್ರಯಲ್ ಕೋಆರ್ಡಿನೇಟರ್ — ಸೋಮವಾರ ಮಧ್ಯಾಹ್ನ 2:10

ಧಾರವಾಡದ ಅಣ್ಣಾ, ಓದಿ ನಿಜವಾಗಿ ನೋವಾಯಿತು. ನಾನು ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ ಥರ ಆಗುತ್ತದೆ, ಸುಳ್ಳಲ್ಲ.

2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಇದಕ್ಕೆ ಒಂದು ದಾರಿ ಇದೆ. ರೋಗಿಗೆ ಆ ಔಷಧಿಯಿಂದ ಗುಣ ಕಂಡು, ಬೇರೆ ಚಿಕಿತ್ಸೆ ಇಲ್ಲದಿದ್ದರೆ, ಟ್ರಯಲ್ ಡಾಕ್ಟರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ (ರೋಗಿಗಳ ಹಿತ ಕಾಯುವ ಸಮಿತಿ) ಒಪ್ಪಿದರೆ, ಪ್ರಾಯೋಜಕರು ಮುಂದೆಯೂ ಉಚಿತವಾಗಿ ಕೊಡಬೇಕು. ಷರತ್ತುಗಳು ಎಷ್ಟಿವೆ ನೋಡಿ. ಬೇರೆ ಚಿಕಿತ್ಸೆ ಇದೆ ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಸಹಿ ಹಾಕುವ ಮುಂಚೆ ಕೇಳಬೇಕು: 52 ವಾರ ಆದ ಮೇಲೆ ಏನು? ಕೆಲವು ಟ್ರಯಲ್‌ಗಳಲ್ಲಿ ಆಮೇಲೆ ಎಲ್ಲರಿಗೂ ನಿಜವಾದ ಔಷಧಿ ಕೊಡುವ ಇನ್ನೊಂದು ಹಂತ ಇರುತ್ತದೆ. ಇದ್ದರೆ ಅದು ಕಾಗದದಲ್ಲಿ ಬರೆದಿರಬೇಕು. ಬಾಯಿಮಾತು ಸಾಲದು.

ತಮ್ಮಾ, ನಿಮಗೆ ಈಗ. ಆ 19 ಪುಟ ಕನ್ನಡದಲ್ಲಿ ಇದೆಯಾ? ಇಲ್ಲದಿದ್ದರೆ ಕನ್ನಡದ್ದೇ ಕೊಡಿ ಅಂತ ಕೇಳಿ. ಅರ್ಥವಾಗುವ ಭಾಷೆಯಲ್ಲಿ ಪಡೆಯುವುದು ಅಕ್ಕನ ಹಕ್ಕು. ಅದರಲ್ಲೇ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇರುತ್ತದೆ. ಅದು ಡಾಕ್ಟರ ನಂಬರ್ ಅಲ್ಲ, ಬೇರೆ. ಅಲ್ಲಿಗೆ ಯಾರು ಬೇಕಾದರೂ ಫೋನ್ ಮಾಡಬಹುದು. ಆಮೇಲೆ ಸಿಟಿಆರ್‌ಐ, ಅಂದರೆ ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿಯ ನಂಬರ್ ಕೇಳಿ. ನಮ್ಮ ದೇಶದಲ್ಲಿ 2009ರ ಜೂನ್‌ನಿಂದ ಪ್ರತಿ ಔಷಧಿ ಟ್ರಯಲ್ ಅಲ್ಲಿ ನೋಂದಣಿ ಆಗಲೇಬೇಕು. ಯಾರು ದುಡ್ಡು ಹಾಕುತ್ತಿದ್ದಾರೆ, ಯಾರನ್ನು ಸೇರಿಸಿಕೊಳ್ಳುತ್ತಾರೆ, ಕೊನೆಗೆ ಏನನ್ನು ಅಳೆಯುತ್ತಾರೆ ಅನ್ನುವುದೆಲ್ಲ ಮೊಬೈಲಿನಲ್ಲೇ ಓದಬಹುದು.

ಟ್ರಯಲ್‌ನಿಂದ ತೊಂದರೆ ಆದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಒಂದು ಅಂಶ ತುಂಬಾ ಜನರಿಗೆ ಗೊತ್ತಿಲ್ಲ. ಸಿಗುವ ಚಿಕಿತ್ಸೆಯನ್ನು ತಪ್ಪಿಸಿ ಪ್ಲಾಸಿಬೋ ಕೊಟ್ಟು ಅದರಿಂದ ಹಾನಿಯಾದರೆ, ಅದನ್ನೂ ಟ್ರಯಲ್‌ನ ಹಾನಿ ಅಂತಲೇ ಲೆಕ್ಕ ಹಾಕಬೇಕು. ಮಧ್ಯದಲ್ಲಿ ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಕಾರಣ ಹೇಳಬೇಕಾಗಿಲ್ಲ. ಬಿಟ್ಟು ಬಂದರು ಅಂತ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಎರಡು ಪ್ರಶ್ನೆ ನನ್ನದು. ಅಕ್ಕನಿಗೆ ಬೆರಳು ಊದಲು ಶುರುವಾಗಿದ್ದು ನಿಖರವಾಗಿ ಯಾವಾಗ? ಬೆಳ್ಳಗಾಗಿದ್ದಲ್ಲ, ಊದಿದ್ದು. ಟ್ರಯಲ್‌ಗಳಲ್ಲಿ ಆ ದಿನದಿಂದಲೇ ವರ್ಷ ಎಣಿಸುತ್ತಾರೆ. ಇನ್ನೊಂದು: ಭಾವನ ಮಾತು ಬರೆದಿರಿ, ಅಮ್ಮನದು ಬರೆದಿರಿ, ನಿಮ್ಮದೂ ಬರೆದಿರಿ. ಅಕ್ಕ ಏನಂತಾರೆ?

ಕಾಫಿನಾಡಿನ ತಮ್ಮ — ಸೋಮವಾರ ಸಂಜೆ 6:30

ಕಾಗದ ಇಂಗ್ಲಿಷಿನಲ್ಲಿದೆ. ಕನ್ನಡದ್ದು ಕೇಳುತ್ತೇನೆ. ಊದಿದ್ದು ಮೂರು ವರ್ಷದ ಹಿಂದೆ ಅಂತ ನಾನೇ ಹೇಳಿ ಬರೆಸಿದ್ದೇನೆ.

ಅಕ್ಕನನ್ನು ಸರಿಯಾಗಿ ಕೇಳಿಲ್ಲ. ಕೇಳಬೇಕಿತ್ತು. ಇವತ್ತು ರಾತ್ರಿ ಕೂತು ಮಾತಾಡುತ್ತೇನೆ.

ಕೀಲುವೈದ್ಯ — ಸೋಮವಾರ ರಾತ್ರಿ 10:40

ಪ್ಲಾಸಿಬೋ ವಿಷಯಕ್ಕೆ ಬರೋಣ. ನಿಮ್ಮ ಭಯ ಸಹಜ. ಆದರೆ ನಮ್ಮ ಕಾಯಿಲೆಯ ಚರಿತ್ರೆ ನೋಡಿದರೆ, ಹೋಲಿಸಿ ನೋಡದೆ ಔಷಧಿ ಕೊಟ್ಟಿದ್ದರಿಂದಲೂ ಜನ ಕಷ್ಟಪಟ್ಟಿದ್ದಾರೆ.

ಡಿ-ಪೆನಿಸಿಲಮೈನ್ ಅಂತ ಒಂದು ಔಷಧಿ. ದಶಕಗಟ್ಟಲೆ ಸ್ಕ್ಲೆರೋಡರ್ಮಾಕ್ಕೆ ಅದನ್ನೇ ಬರೆಯುತ್ತಿದ್ದರು. ಕೊಟ್ಟ ಮೇಲೆ ಚರ್ಮ ಮೆದುವಾಗುವುದು ಕಣ್ಣಿಗೇ ಕಾಣುತ್ತಿತ್ತು. ರೋಗಿಗೆ ಖುಷಿ, ಡಾಕ್ಟರಿಗೆ ನಂಬಿಕೆ. 1999ರಲ್ಲಿ ಒಂದು ಟ್ರಯಲ್‌ನ ಫಲಿತಾಂಶ ಬಂತು. 134 ರೋಗಿಗಳು. ಅರ್ಧ ಜನಕ್ಕೆ ದಿನಕ್ಕೆ 750ರಿಂದ 1000 ಮಿಲಿಗ್ರಾಂ. ಉಳಿದವರಿಗೆ ದಿನ ಬಿಟ್ಟು ದಿನ ಬರೀ 125, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲದ ಹಾಗೆ. ಎರಡು ವರ್ಷ ಕಳೆದ ಮೇಲೆ ನೋಡಿದರೆ ಎರಡೂ ಕಡೆ ಚರ್ಮ ಮೆದುವಾಗಿತ್ತು, ಒಂದೇ ಮಟ್ಟಕ್ಕೆ. ಅಡ್ಡಪರಿಣಾಮ ತಾಳಲಾರದೆ ಬಿಟ್ಟವರು ಮಾತ್ರ ದೊಡ್ಡ ಡೋಸಿನವರೇ ಹೆಚ್ಚು.

ವಿಷಯ ಏನೆಂದರೆ, ಈ ಕಾಯಿಲೆಯಲ್ಲಿ ಚರ್ಮ ಕೆಲವು ವರ್ಷ ಬಿಗಿದು, ಆಮೇಲೆ ಎಷ್ಟೋ ಜನರಲ್ಲಿ ತಾನಾಗಿಯೇ ಸಡಿಲವಾಗುತ್ತದೆ. ಆ ಹೊತ್ತಿಗೆ ಕೈಯಲ್ಲಿ ಯಾವ ಮಾತ್ರೆ ಇತ್ತೋ ಅದಕ್ಕೆ ಹೆಸರು ಬರುತ್ತದೆ. ಪಕ್ಕದೂರಿನ ಪುಡಿಗೂ ಹಾಗೆಯೇ ಹೆಸರು ಬರುತ್ತದೆ. ನನ್ನಂಥವನ ಚೀಟಿಗೂ ಬರುತ್ತದೆ. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ನನಗೂ ಗೊತ್ತಾಗುವುದಿಲ್ಲ.

ಹಾಗಂತ ಪ್ಲಾಸಿಬೋ ಅಂದರೆ ಬರೀ ಕೈ ಅಂತಲ್ಲ. ಎಷ್ಟೋ ಟ್ರಯಲ್‌ಗಳಲ್ಲಿ ಈ ಕಾಯಿಲೆಗೆ ಈಗಾಗಲೇ ಕೊಡುವ ಮೈಕೋಫೆನೊಲೇಟ್ ಮಾತ್ರೆ ಮುಂದುವರಿಯುತ್ತದೆ, ಅದರ ಮೇಲೆ ಹೊಸದು ಅಥವಾ ಪ್ಲಾಸಿಬೋ. ನಿಮ್ಮ ಟ್ರಯಲ್‌ನಲ್ಲಿ ಹಾಗಿದೆಯಾ ಅಂತ ಕೇಳಿ. ಶ್ವಾಸಕೋಶಕ್ಕೆ ತಾಗಿರುವವರಿಗೆ ಒಂದು ವರ್ಷ ಯಾವ ಔಷಧಿಯೂ ಇಲ್ಲ ಅಂದರೆ, ನನ್ನ ಮಟ್ಟಿಗೆ ಅದು ಒಪ್ಪುವ ಮಾತಲ್ಲ. ಅದೊಂದನ್ನು ಖಡಾಖಂಡಿತ ಹೇಳುತ್ತೇನೆ.

ಲೆಕ್ಕದ ಮೇಷ್ಟ್ರು — ಸೋಮವಾರ ರಾತ್ರಿ 11:25

ನಾನು ಡಾಕ್ಟರಲ್ಲ. ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅಮ್ಮನಿಗೆ ಈ ಕಾಯಿಲೆ ಬಂದ ಮೇಲೆ ಈ ಟ್ರಯಲ್‌ಗಳ ವರದಿಗಳನ್ನೆಲ್ಲ ಕೂತು ಓದಿದೆ.

ಡಾಕ್ಟರ ಮಾತಿಗೆ ಎರಡು ಉದಾಹರಣೆ. 2019ರಲ್ಲಿ ನಿಂಟೆಡಾನಿಬ್ ಅನ್ನುವ ಔಷಧಿಯ ಟ್ರಯಲ್ ಬಂತು. 576 ಜನ, 52 ವಾರ. ಸುಮಾರು ಅರ್ಧದಷ್ಟು ಜನ ಮೈಕೋಫೆನೊಲೇಟ್ ಮೊದಲಿಂದಲೇ ತೆಗೆದುಕೊಳ್ಳುತ್ತಿದ್ದರು, ಅದನ್ನು ನಿಲ್ಲಿಸಲಿಲ್ಲ. ಅಳತೆ ಮಾಡಿದ್ದು ಎಫ್‌ವಿಸಿ. ಉಸಿರು ಪೂರ್ತಿ ಎಳೆದು ಒಂದೇ ಸಲಕ್ಕೆ ಊದಿದಾಗ ಎಷ್ಟು ಗಾಳಿ ಬರುತ್ತದೆ ಅನ್ನುವುದು. ಪ್ಲಾಸಿಬೋದವರಲ್ಲಿ ವರ್ಷಕ್ಕೆ ಸುಮಾರು 93 ಮಿಲಿಲೀಟರ್ ಕಡಿಮೆಯಾಯಿತು. ಔಷಧಿಯವರಲ್ಲಿ 52. ಅಂದರೆ ಇಳಿಕೆ ನಿಲ್ಲಲಿಲ್ಲ, ನಿಧಾನವಾಯಿತು. ಚರ್ಮಕ್ಕೆ ಏನೂ ಉಪಯೋಗ ಕಾಣಲಿಲ್ಲ. ಬದುಕು ಹೇಗಿದೆ ಅಂತ ಕೇಳುವ ಪ್ರಶ್ನೆಗಳಲ್ಲೂ ವ್ಯತ್ಯಾಸ ಇಲ್ಲ. ಭೇದಿ ಮಾತ್ರ ನೂರಕ್ಕೆ 76 ಜನರಿಗೆ, ಪ್ಲಾಸಿಬೋದವರಲ್ಲಿ 32.

ಟೊಸಿಲಿಜುಮಾಬ್ ಅನ್ನುವ ಇನ್ನೊಂದು ಔಷಧಿಯ ಕಥೆ ಉಲ್ಟಾ. 210 ಜನ, 48 ವಾರ. ಮುಖ್ಯ ಅಳತೆ ಚರ್ಮ ಅಂತ ಮೊದಲೇ ಬರೆದಿಟ್ಟಿದ್ದರು. ಮೈಯ 17 ಜಾಗದಲ್ಲಿ ಚರ್ಮ ಚಿವುಟಿ, ಪ್ರತಿಯೊಂದಕ್ಕೂ ಸೊನ್ನೆಯಿಂದ 3 ಅಂಕ. ಒಟ್ಟು 51. ಆ ಪರೀಕ್ಷೆಯಲ್ಲಿ ಔಷಧಿ ಪಾಸಾಗಲಿಲ್ಲ. ಆದರೆ ಶ್ವಾಸಕೋಶ ಉಳಿದುಕೊಂಡಿತ್ತು. ಕೊನೆಗೆ 2021ರ ಮಾರ್ಚಿನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಶ್ವಾಸಕೋಶದ ತೊಂದರೆಗೆ ಒಪ್ಪಿಗೆ ಕೊಟ್ಟಿತು.

ಅದಕ್ಕೇ ಸಿಟಿಆರ್‌ಐನಲ್ಲಿ ಮುಖ್ಯ ಅಳತೆ ಏನು ಅಂತ ಮೊದಲು ನೋಡಿ. ನಿಮ್ಮ ಅಕ್ಕನಿಗೆ ಬೇಕಾಗಿರುವುದು ಹೂ ಕಟ್ಟುವ ಬೆರಳು. ಟ್ರಯಲ್ ಅಳೆಯುತ್ತಿರುವುದು ಉಸಿರು ಇರಬಹುದು. ಉಸಿರು ಬೇಡ ಅಂತಲ್ಲ. ಆದರೆ ಬೆರಳು ಸರಿಹೋಗುತ್ತದೆ ಅಂದುಕೊಂಡು ಒಳಗೆ ಹೋದರೆ ಆಮೇಲೆ ಮನಸ್ಸು ಮುರಿಯುತ್ತದೆ. ನಮ್ಮಮ್ಮನಿಗೆ ಹಾಗೆಯೇ ಆಯಿತು.

ಇಳಕಲ್ ಹುಡುಗ — ಮಂಗಳವಾರ ಬೆಳಗ್ಗೆ 8:00

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿರಿ. ನಮ್ಮಪ್ಪ ಇಲ್ಲಿ ಗ್ರಾನೈಟ್ ಕ್ವಾರಿಯಲ್ಲಿ 22 ವರ್ಷ ದುಡಿದವರು. ಅವರಿಗೂ ಸ್ಕ್ಲೆರೋಡರ್ಮಾ ಅಂದಿದ್ದಾರೆ. ಇದು ಹೆಂಗಸರ ಕಾಯಿಲೆ ಅಂತ ಎಲ್ಲ ಕಡೆ ಓದಿದೆ. ಗಂಡಸರನ್ನು ಟ್ರಯಲ್‌ಗೆ ತಗೋತಾರಾ?

ಕೀಲುವೈದ್ಯ — ಮಂಗಳವಾರ ಬೆಳಗ್ಗೆ 8:20

ತೆಗೆದುಕೊಳ್ಳುತ್ತಾರೆ. ಹೆಂಗಸರಲ್ಲಿ ಜಾಸ್ತಿ ನಿಜ, ಗಂಡಸರಿಗೂ ಬರುತ್ತದೆ. ಕಲ್ಲಿನ ಧೂಳಿಗೂ ಈ ಕಾಯಿಲೆಗೂ ನಂಟಿದೆ. 1914ರಲ್ಲೇ ಎಡಿನ್‌ಬರೋದಲ್ಲಿ ಬ್ರಾಮ್‌ವೆಲ್ ಅನ್ನುವ ಡಾಕ್ಟರು ಕಲ್ಲುಕುಟಿಗರಲ್ಲಿ ಇದನ್ನು ಗುರುತಿಸಿದ್ದರು. 1957ರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕೆಲಸಗಾರರಲ್ಲಿ ಎರಾಸ್ಮಸ್ ಅನ್ನುವವರು ಕಂಡರು. ಅಪ್ಪನ ಕ್ವಾರಿ ಕೆಲಸದ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಹೇಳಲೇಬೇಕು. ಎದೆಯ ಸಿಟಿ ಸ್ಕ್ಯಾನ್ ಓದುವಾಗ ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಕೂಡ ಇದೆಯಾ ಅಂತ ನೋಡಬೇಕಾಗುತ್ತದೆ. ದಯವಿಟ್ಟು ನಿಮ್ಮದೇ ಬೇರೆ ಚರ್ಚೆ ಶುರು ಮಾಡಿ. ಅಲ್ಲಿ ವಿವರವಾಗಿ ಬರೆಯುತ್ತೇನೆ.

ಕಾಫಿನಾಡಿನ ತಮ್ಮ — ಮಂಗಳವಾರ ಮಧ್ಯಾಹ್ನ 1:15

ಒಬ್ಬ ಸ್ನೇಹಿತ ಸ್ಟೆಮ್ ಸೆಲ್ ಮಾಡಿಸಿ, ಪೂರ್ತಿ ಗುಣವಾಗುತ್ತದೆ ಅಂತ ಒಂದು ವಿಡಿಯೋ ಕಳಿಸಿದ್ದಾನೆ. ಅದು ನಿಜವಾ?

ಕೀಲುವೈದ್ಯ — ಮಂಗಳವಾರ ರಾತ್ರಿ 9:50

ಎರಡು ಬೇರೆ ಬೇರೆ ಸಂಗತಿಗಳು. ಒಂದು, ದೊಡ್ಡ ಆಸ್ಪತ್ರೆಯಲ್ಲಿ ರೋಗಿಯದೇ ರಕ್ತದ ಕಾಂಡಕೋಶ ತೆಗೆದಿಟ್ಟು, ಜೋರಾದ ಕೀಮೋ ಕೊಟ್ಟು, ಮತ್ತೆ ಅವನ್ನೇ ಹಾಕುವುದು. ಇದಕ್ಕೆ ಗಟ್ಟಿ ಟ್ರಯಲ್‌ಗಳಿವೆ. ಯುರೋಪಿನ ಒಂದರಲ್ಲಿ 156 ಜನ. ಕಸಿ ಮಾಡಿಸಿಕೊಂಡವರು ಕೊನೆಗೆ ಹೆಚ್ಚು ಕಾಲ ಬದುಕಿದರು. ಆದರೆ ಹತ್ತರಲ್ಲಿ ಒಬ್ಬರು ಚಿಕಿತ್ಸೆಯಿಂದಲೇ ತೀರಿಕೊಂಡರು. ಬೇಗ ಬೇಗ ಕೆಡುತ್ತಿರುವ ಕೆಲವೇ ಜನರಿಗೆ, ತುಂಬಾ ಪರೀಕ್ಷೆ ಮಾಡಿ, ಅನುಭವ ಇರುವ ಕಡೆ ಮಾತ್ರ ಮಾಡುವಂಥದ್ದು.

ಇನ್ನೊಂದು, ವಿಡಿಯೋದಲ್ಲಿ ಬರುವ ಕ್ಲಿನಿಕ್‌ಗಳ ಇಂಜೆಕ್ಷನ್. ಅದರ ಹತ್ತಿರ ಹೋಗಬೇಡಿ.

ಜರ್ಮನಿಯ ಎರ್ಲಾಂಗನ್‌ನಲ್ಲಿ ಕಾರ್-ಟಿ ಅನ್ನುವ, ರೋಗಿಯದೇ ರೋಗನಿರೋಧಕ ಕೋಶ ತೆಗೆದು ಬದಲಾಯಿಸಿ ಮತ್ತೆ ಹಾಕುವ ಚಿಕಿತ್ಸೆಯನ್ನು ಲೂಪಸ್, ಮಯೋಸೈಟಿಸ್ (ಸ್ನಾಯುಗಳ ಉರಿಯೂತ), ಸ್ಕ್ಲೆರೋಡರ್ಮಾಕ್ಕೆ ಮಾಡಿ ನೋಡಿದ್ದಾರೆ. 2024ರಲ್ಲಿ ಬಂದ ವರದಿಯಲ್ಲಿ 15 ಜನ, ಅವರಲ್ಲಿ ನಾಲ್ವರು ನಮ್ಮ ಕಾಯಿಲೆಯವರು. ಓದಿ ನನಗೆ ಖುಷಿಯಾಯಿತು. ಆದರೆ ನಾಲ್ಕು ಜನ ಅಷ್ಟೆ, ಹೋಲಿಕೆಯ ಗುಂಪೂ ಇಲ್ಲ.

ಕಾಫಿನಾಡಿನ ತಮ್ಮ — ಹನ್ನೆರಡು ದಿನದ ನಂತರ, ಭಾನುವಾರ ಸಂಜೆ 5:30

ಎಲ್ಲರೂ ಕೇಳುತ್ತಿದ್ದೀರಿ. ನಾನು ಬರೆಯುವುದಕ್ಕಿಂತ ಅಕ್ಕನೇ ಹೇಳಲಿ. ಅವಳು ಹೇಳಿದ್ದನ್ನು ಹಾಗೆ ಹಾಗೆಯೇ ಟೈಪ್ ಮಾಡುತ್ತಿದ್ದೇನೆ.

"ನಿಮ್ಮೆಲ್ಲರ ಮಾತನ್ನೂ ತಮ್ಮ ಓದಿ ಹೇಳಿದ. ಕನ್ನಡದ ಕಾಗದ ಕೊಟ್ಟರು. ಎರಡು ರಾತ್ರಿ ಕೂತು ನಾನೇ ಓದಿದೆ. ಸೇರೋಣ ಅಂತ ಮನಸ್ಸು ಮಾಡಿದೆ. ನನ್ನ ಹತ್ತಿರದ ಮಾತ್ರೆ ನಿಲ್ಲಿಸಲ್ಲ ಅಂತ ಬರೆದಿತ್ತು. ಕೈ ಸರಿ ಮಾಡುತ್ತೇವೆ ಅಂತ ಅದರಲ್ಲಿ ಎಲ್ಲೂ ಇಲ್ಲ, ಅದನ್ನೂ ನೋಡಿಕೊಂಡೆ. ಮಗಳು ಹತ್ತನೇ ಕ್ಲಾಸು. ಅವಳ ಓದು ಮುಗಿಯುವ ತನಕ ಉಸಿರು ಗಟ್ಟಿ ಇದ್ದರೆ ಸಾಕು ಅನ್ನಿಸಿತು.

ಅಲ್ಲಿಗೆ ಹೋದಾಗ ಬೆರಳು ಊದಿದ್ದು ಯಾವಾಗ ಅಂತ ಮತ್ತೆ ಕೇಳಿದರು. ತಮ್ಮ ಮೂರು ವರ್ಷ ಅಂದ. ನನಗೆ ನೆನಪಿದೆ, ಅವನ ಮದುವೆಗೆ ವಾರ ಇರುವಾಗ ಉಂಗುರ ಬರದೆ ಅಕ್ಕಸಾಲಿ ಹತ್ತಿರ ಹೋಗಿ ಕತ್ತರಿಸಿಕೊಂಡು ಬಂದಿದ್ದೆ. ಮದುವೆ ಮನೆಯಲ್ಲಿ ಯಾಕೆ ಗಲಾಟೆ ಅಂತ ಯಾರಿಗೂ ಹೇಳಿರಲಿಲ್ಲ. ಅವನ ಮದುವೆಯಾಗಿ ಆರು ವರ್ಷ. ಅದನ್ನೇ ಹೇಳಿದೆ. ಐದು ವರ್ಷದೊಳಗಿನವರನ್ನು ಮಾತ್ರ ಸೇರಿಸಿಕೊಳ್ಳುವುದಂತೆ. ಆಗಲ್ಲ ಅಂದರು. ತಮ್ಮನಿಗೆ ಬೇಜಾರು. ಸುಳ್ಳು ಹೇಳಿ ಸೇರಿಕೊಂಡರೆ ಅವರ ಲೆಕ್ಕ ತಪ್ಪುತ್ತೆ ಅಲ್ವಾ, ಮೇಷ್ಟ್ರೇ?

ಈಗ ಮೈಕೋಫೆನೊಲೇಟ್ ಜಾಸ್ತಿ ಮಾಡಿದ್ದಾರೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಶರಾವತಿ ಅಕ್ಕನಿಗೆ ಒಂದು ಪ್ರಶ್ನೆ. ಗ್ಲೋವ್ಸ್ ಹಾಕಿಕೊಂಡರೆ ನಾರು ಜಾರುತ್ತದೆ, ಬಿಸಿನೀರು ಚಿಮುಕಿಸಿದರೆ ಹೂ ಬಾಡುತ್ತದೆ. ಎಡಗೈ ತೋರುಬೆರಳಿನ ತುದಿಯಲ್ಲಿ ಹುಣ್ಣು ಬೇರೆ. ನೀವು ಚಳಿಗಾಲದಲ್ಲಿ ಏನು ಮಾಡುತ್ತೀರಿ?"

ಲೆಕ್ಕದ ಮೇಷ್ಟ್ರು — ಭಾನುವಾರ ಸಂಜೆ 6:05

ತಪ್ಪುತ್ತದೆ ಅಕ್ಕ. ನೀವು ಮಾಡಿದ್ದೇ ಸರಿ. ಚರ್ಮ ತಾನಾಗಿ ಸಡಿಲವಾಗುವ ಹಂತದವರು ಬೆರೆತರೆ ಔಷಧಿಯ ಗುಣ ಯಾವುದು, ಕಾಲದ ಗುಣ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಇನ್ನೊಂದು ವಿಷಯ. ಈಗ ನೀವು ನುಂಗುತ್ತಿರುವ ಮೈಕೋಫೆನೊಲೇಟ್ ಕೂಡ ಹೀಗೇ ಬಂದಿದ್ದು. 2016ರಲ್ಲಿ ಅಮೆರಿಕದಲ್ಲಿ 142 ರೋಗಿಗಳ ಮೇಲಿನ ಟ್ರಯಲ್‌ನ ಫಲಿತಾಂಶ ಬಂತು. ಅದನ್ನು ಸೈಕ್ಲೋಫಾಸ್ಫಮೈಡ್ ಅನ್ನುವ ಹಳೆಯ ಔಷಧಿಯ ಜೊತೆ ಹೋಲಿಸಿದ್ದರು. ಉಸಿರಿಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡಿದವು, ಆದರೆ ಇದನ್ನು ದೇಹ ಚೆನ್ನಾಗಿ ತಾಳಿಕೊಂಡಿತು.

ಶರಾವತಿ — ಭಾನುವಾರ ಸಂಜೆ 7:20

ತಂಗೀ, ಹುಣ್ಣನ್ನು ನಾಳೆಯೇ ಡಾಕ್ಟರಿಗೆ ತೋರಿಸಿ. ಕಾಯಬೇಡಿ. ರಕ್ತನಾಳ ಹಿಗ್ಗಿಸುವ ಮಾತ್ರೆ ಕೊಡುತ್ತಾರೆ. ಹೊಸ ಹುಣ್ಣು ಬರದ ಹಾಗೆ ತಡೆಯಲು ಬೊಸೆಂಟಾನ್ ಅಂತ ಒಂದಿದೆ. ಇರುವ ಹುಣ್ಣನ್ನು ಅದು ಬೇಗ ಮಾಯಿಸುವುದಿಲ್ಲ. ನನಗೆ ಕೊಟ್ಟಾಗ ತಿಂಗಳು ತಿಂಗಳು ಲಿವರ್ ಪರೀಕ್ಷೆ ಮಾಡಿಸುತ್ತಿದ್ದರು. ಬೇಕೋ ಬೇಡವೋ ಅವರೇ ಹೇಳಲಿ.

ಹೂವಿಗೆ ನೀರು ಚಿಮುಕಿಸುವ ಕೆಲಸ ಮಗಳಿಗೋ ಭಾವನಿಗೋ ಕೊಡಿ. ಚಿಮುಕಿಸಿ ಬಾಳೆಲೆಯಲ್ಲಿ ಸುತ್ತಿಟ್ಟು, ನೀರು ಇಳಿದ ಮೇಲೆ ನೀವು ಮುಟ್ಟಿ. ಗ್ಲೋವ್ಸ್‌ಗಿಂತ ಮೈ ಬೆಚ್ಚಗಿರುವುದು ಮುಖ್ಯ. ಎದೆ ಹೊಟ್ಟೆಗೆ ಸ್ವೆಟರ್, ತಲೆಗೆ ಸ್ಕಾರ್ಫ್, ಕಾಲಿಗೆ ಉಣ್ಣೆ ಕಾಲುಚೀಲ. ಮೈ ತಣ್ಣಗಾದರೆ ಬೆರಳಿಗೆ ರಕ್ತವೇ ಬರುವುದಿಲ್ಲ. ನಾನು ಹಳೆ ಕಾಲುಚೀಲಕ್ಕೆ ಅಕ್ಕಿ ತುಂಬಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿದ ಅಕ್ಕಿ, ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ. ಮೊದಲು ಮೊಣಕೈಗೆ ತಾಗಿಸಿ ನೋಡಿ. ಬೆರಳಿಗೆ ಸುಡುವುದು ಗೊತ್ತಾಗುವುದಿಲ್ಲ, ನಾನು ಒಮ್ಮೆ ಬೊಬ್ಬೆ ಬರಿಸಿಕೊಂಡಿದ್ದೇನೆ.

ತುದಿ ಕತ್ತರಿಸಿದ ಉಣ್ಣೆ ಗ್ಲೋವ್ಸ್ ನನ್ನ ಹತ್ತಿರ ಎರಡು ಜೊತೆ ಇವೆ. ಹೆಬ್ಬೆರಳು, ತೋರುಬೆರಳು ಮಾತ್ರ ಹೊರಗೆ. ಅದರಲ್ಲಿ ಬತ್ತಿ ಹೊಸೆಯಲು ಆಗುತ್ತದೆ, ನಾರು ಹಿಡಿಯಲೂ ಆಗಬಹುದು. ಒಂದು ಜೊತೆ ಕಳಿಸುತ್ತೇನೆ. ತಮ್ಮಾ, ನನಗೆ ಖಾಸಗಿಯಾಗಿ ವಿಳಾಸ ಬರೆದು ಹಾಕಿ.